ಹೆಜ್ಜೆ ಎಣಿಸಿದ ಗಡಿಯಾರ

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದಮೇಲೆ ಹುಬ್ಬಳ್ಳಿಯ ಡಾಕ್ಟರು ದಿನಾ ಅರ್ಧ ಗಂಟೆಯ ನಡಿಗೆ ಬರೆದುಕೊಟ್ಟರು. ನಾಡಿ ನಿಮಿಷಕ್ಕೆ ನೂರಾ ಹತ್ತು ದಾಟಬಾರದು ಎಂದರು. ಅದನ್ನು ನೋಡಿಕೊಳ್ಳಲು ಮಣಿಕಟ್ಟಿಗೆ ನಾಡಿ ತೋರಿಸುವ ಗಡಿಯಾರ ಕೊಂಡೆ. ಮೂವತ್ತು ವರ್ಷ ಶಾಲೆಯಲ್ಲಿ ಡ್ರಿಲ್ ಕಲಿಸಿದವನು ನಾನು. ಅಂಕಿ ಎದುರಿಗಿದ್ದರೆ ನನಗೆ ನೆಮ್ಮದಿ.

ಬೆಳಿಗ್ಗೆ ಆರಕ್ಕೆ ನರಗುಂದದ ಗುಡ್ಡದ ಬುಡದ ರಸ್ತೆ ಹಿಡಿಯುತ್ತಿದ್ದೆ. ಜೊತೆಗೆ ನಮ್ಮ ಓಣಿಯ ಬಟ್ಟೆ ಅಂಗಡಿಯ ಗೆಳೆಯ. ಗಿರಾಕಿಗಳ ಚೌಕಾಸಿ, ಅಳಿಯನ ಮೊಂಡುತನ, ಎಲ್ಲ ಹೇಳುತ್ತ ಬರುತ್ತಿದ್ದ. ದಿನವಿಡೀ ನನ್ನ ಕಿವಿಗೆ ಬೀಳುತ್ತಿದ್ದ ಮಾತು ಬಹುತೇಕ ಅಷ್ಟೇ. ಗಡಿಯಾರ ಮಾತ್ರ ನಡೆಯುವಾಗಲೆಲ್ಲ ನೂರಾ ಇಪ್ಪತ್ತು ತೋರಿಸುತ್ತಿತ್ತು. ನಿಂತರೆ ಇಳಿಯುತ್ತಿತ್ತು. ನಡಿಗೆ ಡಾಕ್ಟರೇ ಹೇಳಿದ್ದು; ಹಾಗಾಗಿ ಮಾತಿನಿಂದಲೇ ನಾಡಿ ಏರುತ್ತಿದೆ ಎಂದು ತೀರ್ಮಾನಿಸಿದೆ.

"ನಾಳಿಂದ ನಡಿಯೂವಾಗ ಮಾತು ಬಂದ್," ಎಂದೆ.

"ಮಾಸ್ತರ್ರ, ಇದೇನ ಸಾಲಿ ಪ್ರಾರ್ಥನಾ ಏನ್ರಿ?" ಎಂದು ನಕ್ಕ.

"ನಗೂದೂ ಬ್ಯಾಡ."

ನಾಲ್ಕು ದಿನ ಬಾಯಿ ಮುಚ್ಚಿಕೊಂಡು ನಡೆದ. ಐದನೆಯ ದಿನ ಬರಲಿಲ್ಲ. ಅವನ ಬಾಗಿಲ ಮುಂದೆಯೇ ಹಾದುಹೋದೆ, ಕೂಗಲಿಲ್ಲ. ಆರು ಎಂದರೆ ಆರು. ಕಾಯುವ ರೂಢಿ ನನಗಿರಲಿಲ್ಲ.

ಮಾತು ನಿಂತರೂ ಅಂಕಿ ಇಳಿಯಲಿಲ್ಲ. ಎದೆ ಮತ್ತೆ ಕೆಟ್ಟಿದೆ ಎಂಬ ಅಂಜಿಕೆಯಲ್ಲಿ ನಡಿಗೆಯ ಹೊತ್ತನ್ನು ಅರ್ಧಕ್ಕಿಳಿಸಿದೆ. ಹಾಗೇ ಮೂರು ತಿಂಗಳು.

ತಪಾಸಣೆಗೆ ಹುಬ್ಬಳ್ಳಿಗೆ ಹೋದಾಗ ವ್ಯಾಯಾಮ ಮಾಡಿಸುವ ಹುಡುಗಿ ಎದೆಗೆ ವೈರು ಅಂಟಿಸಿ ನನ್ನನ್ನು ಟ್ರೆಡ್‌ಮಿಲ್ ಮೇಲೆ ನಡೆಸಿದಳು. ಪರದೆಯ ಮೇಲೆ ತೊಂಬತ್ತಾರು. ನನ್ನ ಕೈಯಲ್ಲಿ ನೂರಾ ಇಪ್ಪತ್ತು. ಅವಳು ನನ್ನ ಕಾಲು ನೋಡುತ್ತ ಒಂದು ನಿಮಿಷ ಎಣಿಸಿದಳು.

"ಅಜ್ಜಾರ, ಪರೇಡ್ ಮಾಡಾಕತ್ತೀರೇನ್ರಿ? ಬರೋಬ್ಬರಿ ನೂರಾ ಇಪ್ಪತ್ತ ಹೆಜ್ಜಿ! ಪಟ್ಟಿ ಸಡ್ಲ ಐತಿ, ಕೈ ಬೀಸಿದಾಗೆಲ್ಲ ಅಳ್ಳಾಡತೈತಿ. ವಾಚು ನಾಡಿ ಬಿಟ್ಟು ನಿಮ್ಮ ಹೆಜ್ಜಿ ಎಣಸಾಕತ್ತೈತಿ."

ಡ್ರಿಲ್ಲಿನ ಹೆಜ್ಜೆ ನಿಮಿಷಕ್ಕೆ ಅಷ್ಟೇ. ನಾನೇ ಸಾವಿರಾರು ಮಕ್ಕಳಿಗೆ ಕಲಿಸಿದ್ದು.

ಪಟ್ಟಿಯನ್ನು ಮಣಿಕಟ್ಟಿನ ಮೂಳೆಗಿಂತ ಮೇಲೆ ಬಿಗಿದಳು. ಅಂಕಿ ನೂರರ ಕೆಳಗೆ ಬಂತು.

"ಆದ್ರೂ ಪೂರಾ ನಂಬಬ್ಯಾಡ್ರಿ. ಯಾರರ ಜೋಡಿ ಮಾತಾಡಕೋತ ನಡೀರಿ. ದಮ್ಮು ಹತ್ತದ ಮಾತಾಡಾಕ ಬಂದ್ರ, ನಡಿಗಿ ಬರೋಬ್ಬರಿ ಐತಿ ಅಂತ ತಿಳೀರಿ."

ಮರುದಿನ ಐದೂ ಮುಕ್ಕಾಲಿಗೇ ಗೆಳೆಯನ ಬಾಗಿಲು ತಟ್ಟಿದೆ. ಅವನ ಹೆಂಡತಿ ಬಂದರು.

"ಅವ್ರು ಐದಕ್ಕ ಹೋದ್ರಲ್ರಿ. ಈಗೀಗ ಕೆರಿ ಕಡೆ ನಾಕ ಮಂದಿ ಜೋಡಿ ಹೋಗ್ತಾರ. ನಿಮ್ಮನ್ನೂ ಕರೀರಿ ಅಂತ ಅವ್ರಿಗೆ ಅಂದಿದ್ನಿ. ಮಾಸ್ತರ್ರಿಗೆ ಗದ್ಲ ಆಗಿ ಬರೂದಿಲ್ಲ ಅಂದ್ರು."

"ಖರೇನ ಅಂದಾನ ಬಿಡ್ರಿ," ಎಂದು ನನ್ನ ದಾರಿ ಹಿಡಿದೆ.

ಉಸಿರಿನ ಪರೀಕ್ಷೆ ಆಗಲೇಬೇಕಿತ್ತು. ರಸ್ತೆಯಲ್ಲಿ ಯಾರೂ ಇಲ್ಲದ್ದನ್ನು ನೋಡಿ, ಹುಬ್ಬಳ್ಳಿಯಲ್ಲಿ ನಡೆದದ್ದನ್ನು ಅವನಿಗೆ ಹೇಳುವಂತೆ ಗಟ್ಟಿಯಾಗಿ ಹೇಳುತ್ತ ನಡೆದೆ. ದಮ್ಮು ಹತ್ತಲಿಲ್ಲ. ಆದರೆ ದಿನಾ ತಿರುಗುವ ಜಾಗ ಬರುವ ಮೊದಲೇ ನನ್ನ ಬಳಿ ಹೇಳುವುದೆಲ್ಲ ಮುಗಿದಿತ್ತು.