ಇಟಲಿಗೆ ಕಲ್ಲು ಹೊರಲು ಹೋದ ಗಂಗಯ್ಯ

ಹೊಳೆನರಸೀಪುರದ ಹಾಸ್ಟೆಲಿನಲ್ಲಿದ್ದು ಎಸ್ಸೆಸ್ಸೆಲ್ಸಿವರೆಗೆ ಓದಿದ ಗಂಗಯ್ಯನಿಗೆ ಲೆಕ್ಕ ಒಂದರಲ್ಲಿ ಹೋಯಿತು. ಆದರೂ ಅವನ ಕೇರಿಯಲ್ಲಿ ಅಷ್ಟು ಓದಿದವರು ಬೇರೆ ಯಾರೂ ಇರಲಿಲ್ಲ. ಅಪ್ಪ ಮಂಚಯ್ಯ ಮಣ್ಣಿನ ಗೋಡೆ ಹಾಕುವುದಕ್ಕೆ, ಬಾವಿಗೆ ಕಲ್ಲು ಕಟ್ಟುವುದಕ್ಕೆ ಸುತ್ತಲ ಹಳ್ಳಿಗಳಿಗೆಲ್ಲ ಬೇಕಾದ ಆಳು. ರಜೆಯಲ್ಲಿ ಅಪ್ಪನ ಜೊತೆ ದುಡಿದು ಮಗನ ಕೈಯೂ ಪಳಗಿತ್ತು.

1957ರ ಬೇಸಿಗೆಯಲ್ಲಿ ಹಾಸನದ ಹತ್ತಿರ ರಸ್ತೆ ಮಾಡಲು ಯುವಕರ ಶ್ರಮದಾನ ಶಿಬಿರ ನಡೆಯಿತು. ಕಾಲೇಜು ಹುಡುಗರು ಗಳಿಗೆಗೊಮ್ಮೆ ಅಂಗೈ ನೋಡಿಕೊಳ್ಳುತ್ತ ಕೂತಿದ್ದಾಗ ಗಂಗಯ್ಯ ಒಬ್ಬನೇ ಒಂದು ಮೋರಿ ಕಟ್ಟಿ ಮುಗಿಸಿದ್ದ. ಶಿಬಿರ ನೋಡಲು ಬಂದಿದ್ದ ಒಂದು ಸೇವಾ ಸಂಸ್ಥೆಯವರು ಅವನನ್ನು ಕರೆದು ಮಾತಾಡಿಸಿದರು. ಪರದೇಶದಲ್ಲಿ ಆರು ತಿಂಗಳು ಸ್ವಯಂಸೇವಕರಾಗಿ ದುಡಿಯಲು ಅವರಿಗೆ ಹುಡುಗರು ಬೇಕಾಗಿದ್ದರು. ಹಡಗಿನ ಖರ್ಚು, ಊಟ, ಬಟ್ಟೆ ಎಲ್ಲ ಸಂಸ್ಥೆಯದೇ. ಹಿಂದಿರುಗಿದ ಮೇಲೆ ತನ್ನ ಊರಿಗೂ ಅಂಥದೊಂದು ಕೆಲಸ ಮಾಡಿ ವರದಿ ಬರೆಯಬೇಕು, ಅಷ್ಟೇ ಕರಾರು.

"ಅಲ್ಲಿಗ್ ಓಗಿ ಏನ್ಲಾ ಮಾಡೀಯ?" ಎಂದ ಮಂಚಯ್ಯ.

"ಕಲ್ಲು ಹೊರೋದು ಕಣಪ್ಪ. ಇಸ್ಕೂಲು ಕಟ್ಟೋದು."

"ಕಲ್ಲು ಹೊರಾಕೆ ಅಷ್ಟು ದೂರ ಓಗ್ಬೇಕಾ? ಇಲ್ಲೇ ಬೇಕಾದಷ್ಟು ಬಿದ್ದದೆ."

ಬೊಂಬಾಯಿಯಲ್ಲಿ ಹಡಗು ಹತ್ತಿದ ಗಂಗಯ್ಯ ಇಟಲಿಯ ಒಂದು ಬೆಟ್ಟದ ಹಳ್ಳಿ ಸೇರಿದ. ಯುದ್ಧದಲ್ಲಿ ಬಾಂಬು ಬಿದ್ದು ಅಲ್ಲಿಯ ಶಾಲೆ ನೆಲಸಮವಾಗಿತ್ತು. ಬಿಳಿಯರೆಂದರೆ ಎಲ್ಲ ಸಾಹೇಬರೇ ಎಂದುಕೊಂಡಿದ್ದವನಿಗೆ, ಬರಿಗಾಲಲ್ಲಿ ಸೌದೆ ಹೊರುವ ಹೆಂಗಸರನ್ನು ನೋಡಿ ಬೆರಗಾಯಿತು. ಊರಿನ ಹುಡುಗರು ಗಣಿ ಕೆಲಸ ಹುಡುಕಿಕೊಂಡು ಬೇರೆ ದೇಶಗಳಿಗೆ ಗುಳೆ ಹೋಗಿದ್ದರು.

ಮೊದಲ ದಿನದ ಊಟವನ್ನು ಅವನು ಕಡೆಯವರೆಗೂ ಮರೆಯಲಿಲ್ಲ. ಅಡುಗೆಯ ಮುದುಕಿ ಮುಸುಕಿನ ಜೋಳದ ಹಿಟ್ಟನ್ನು ಅಂಬಲಿಗಿಂತ ಗಟ್ಟಿ, ಮುದ್ದೆಗಿಂತ ತೆಳ್ಳಗೆ ಕಾಯಿಸಿ, ಮೇಜಿನ ನಡುವೆ ಒಂದು ಹಲಗೆಯ ಮೇಲೆ ಸುರಿದಳು. ಎಲ್ಲರೂ ಸುತ್ತ ಕೂತು ತಮ್ಮ ತಮ್ಮ ಕಡೆಯಿಂದ ತಿನ್ನತೊಡಗಿದರು. ಗಂಗಯ್ಯ ಕೈ ಹಾಕಲಿಲ್ಲ. ತನಗೆ ಬೇರೆ ತಟ್ಟೆಯಲ್ಲಿ ಕೊಡುತ್ತಾರೆಂದು ಕಾದ. ಮುದುಕಿ ತನ್ನ ಭಾಷೆಯಲ್ಲಿ ಗದರಿ, ಚಮಚವನ್ನು ಅವನ ಕೈಗೆ ತುರುಕಿ, ಆ ಕೈಯನ್ನು ಹಿಡಿದು ಹಲಗೆಗೆ ತಂದಳು. ಅವನು ತಿಂದ. ಹಾಗೆ ಕಾದು ಕೂತೆನಲ್ಲ ಎಂಬ ನಾಚಿಕೆ ಮಾತ್ರ ಆರು ತಿಂಗಳೂ ಹೋಗಲಿಲ್ಲ.

ವಾಪಸು ಬಂದಾಗ ಸಂಸ್ಥೆಯವರು ಒಂದು ಸಭೆ ನಡೆಸಿ ಹಾರ ಹಾಕಿದರು, ಫೋಟೋ ಹಿಡಿದರು. ಊರಿಗೆ ಬಂದರೆ ಪಂಚಾಯ್ತಿ ಚೇರ್ಮನ್ ಕೃಷ್ಣಪ್ಪ ಜಗಲಿಯ ಮೇಲೆ ಕೂತು, ಇವನನ್ನು ಕೆಳಗೆ ನಿಲ್ಲಿಸಿಕೊಂಡೇ ಕೇಳಿದ. "ಏನ್ಲಾ ಗಂಗ, ಬಿಳಿಯರ ಜೊತೆ ಕೂತು ಉಂಡ್ಬಂದ್ಯಂತೆ?"

"ಹೌದು ಚೇರ್ಮನ್ರೇ."

ಕೇರಿಯವರೆಲ್ಲ ಕರೆಯುವಂತೆ "ಬುದ್ಧಿ" ಎನ್ನದೆ "ಚೇರ್ಮನ್ರೇ" ಎಂದದ್ದು ಕೃಷ್ಣಪ್ಪನ ಕಿವಿಗೆ ಬಿತ್ತು. ಅವನು ನಕ್ಕ.

ಊರ ಶಾಲೆಯಲ್ಲಿ ಕೇರಿಯ ಮಕ್ಕಳು ಬಾಗಿಲಾಚೆ ಕೂತು ಪಾಠ ಕೇಳಬೇಕಾಗಿತ್ತು. ಕೇರಿಯಲ್ಲೇ ಅವಕ್ಕೊಂದು ಓದುವ ಕೋಣೆ ಕಟ್ಟುವುದೆಂದು ಗಂಗಯ್ಯ ನಿಶ್ಚಯಿಸಿದ. ಸೋಮವಾರ ಯಾರೂ ನೇಗಿಲು ಕಟ್ಟದ ದಿನವಾದ್ದರಿಂದ ಅಂದು ಆಳುಗಳಿಗೆ ಬಿಡುವು. ಕೇರಿಯ ಬೋರಪ್ಪ, ಮತ್ತೆ ಏಳು ಜನ ಜೊತೆಗೂಡಿದರು. ಬೇಡ ಬೇಡ ಎನ್ನುತ್ತಲೇ ಮಂಚಯ್ಯ ಬಂದು ಪಾಯ ಗುರುತು ಹಾಕಿದ. ಯುಗಾದಿ ಕಳೆದು ಮಳೆ ಹಿಡಿಯುವಷ್ಟರಲ್ಲಿ ಕಲ್ಲಿನ ತಳಪಾಯ, ಮಣ್ಣಿನ ಗೋಡೆ, ಹಂಚಿನ ಮಾಡು ಎಲ್ಲ ಎದ್ದು ನಿಂತವು. ಊರಲ್ಲಿ ಅಷ್ಟು ಗಟ್ಟಿಯಾದ ಮಾಡು ಕೃಷ್ಣಪ್ಪನ ಮನೆ ಬಿಟ್ಟರೆ ಇನ್ನೊಂದಿರಲಿಲ್ಲ. ಗಂಗಯ್ಯ ಆ ಸಂತೋಷದಲ್ಲಿ ಸಂಸ್ಥೆಗೆ ವರದಿ ಬರೆದು ಅಂಚೆಗೆ ಹಾಕಿದ.

ಹದಿನೈದು ದಿನ ಪಾಠ ನಡೆಯಿತು. ಆಮೇಲೆ ಸೊಸೈಟಿಯ ಗೊಬ್ಬರದ ಚೀಲಗಳು ಲಾರಿಯಲ್ಲಿ ಬಂದವು. ಕೃಷ್ಣಪ್ಪ ಕೋಣೆಯನ್ನು ಒಂದು ಸುತ್ತು ಹಾಕಿ ಗೋಡೆ ತಟ್ಟಿ ನೋಡಿದ.

"ಬೋ ಚೆನ್ನಾಗಿ ಕಟ್ಟಿದ್ದೀಯ ಕಣ್ಲಾ. ಒಂದ್ ತೊಟ್ಟೂ ಸೋರಕಿಲ್ಲ. ಗೊಬ್ಬರ ಮಳೇಲಿ ನೆಂದೋದ್ರೆ ಊರ್ಗೇ ನಷ್ಟ. ಸದ್ಯಕ್ಕೆ ಇಲ್ಲೇ ಇರ್ಲಿ."

"ಇದು ಮಕ್ಕಳ ಕ್ವಾಣೆ, ಚೇರ್ಮನ್ರೇ."

"ಜಾಗ ಪಂಚಾಯ್ತೀದು. ಮಕ್ಕಳು ಮರದ್ ಕೆಳಗೂ ಓದ್ಬೋದು, ಗೊಬ್ಬರ ಇಡಾಕಾಯ್ತದಾ?"

ಬೀಗ ಬಿತ್ತು. ಗಂಗಯ್ಯ ಮೇಲಿನವರಿಗೆಲ್ಲ ಅರ್ಜಿ ಬರೆದ. ಒಬ್ಬರೂ ಉತ್ತರ ಕೊಡಲಿಲ್ಲ. ಕೊಟ್ಟದ್ದು ಸಂಸ್ಥೆಯವರು ಮಾತ್ರ. ಅವನ ವರದಿಯನ್ನು ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿಸಿ, ಮೆಚ್ಚುಗೆಯ ಕಾಗದದೊಡನೆ ಒಂದು ಪ್ರತಿ ಕಳಿಸಿದ್ದರು. ಅವನು ಅದನ್ನು ಯಾರಿಗೂ ತೋರಿಸಲಿಲ್ಲ. ಅವರಿಗೆ ಮತ್ತೆ ಬರೆಯಲೂ ಇಲ್ಲ.

"ನಿನ್ ಮಾತ್ ಕೇಳಿ ಸ್ವಾಮಾರ ಸ್ವಾಮಾರ ಮಣ್ಣ್ ತುಳುದ್ವು. ಅವ್ರ್ ಗೊಬ್ಬರಕ್ಕೆ ಮನೆ ಕಟ್ಕೊಟ್ಟಂಗಾಯ್ತು," ಎಂದ ಬೋರಪ್ಪ. ಆಮೇಲೆ ಗಂಗಯ್ಯ ಯಾವ ಕೆಲಸಕ್ಕೆ ಕರೆದರೂ ಅವನು ಬರಲಿಲ್ಲ.

ಮಂಚಯ್ಯ ಮಗನನ್ನು ಬೈಯಲಿಲ್ಲ. "ನೀನು ಓಗಿ ಬಂದೆ. ಊರು ಎಲ್ಲಿಗ್ ಓಗಿತ್ತು, ಅಲ್ಲೇ ಅದೆ," ಎಂದಷ್ಟೇ ಹೇಳಿದ. ಆರು ವರ್ಷದ ಮೇಲೆ ಅವನು ತೀರಿಕೊಂಡ. ಅಷ್ಟರಲ್ಲಿ ಗಂಗಯ್ಯನಿಗೆ ಸಣ್ಣಕ್ಕನೊಡನೆ ಮದುವೆಯಾಗಿ ಎರಡು ಮಕ್ಕಳಾಗಿದ್ದವು. "ಸದ್ಯಕ್ಕೆ" ಎಂದು ಇಟ್ಟ ಗೊಬ್ಬರ ಇನ್ನೂ ಅಲ್ಲೇ ಇತ್ತು.

1966ರಲ್ಲಿ ಜೀಪಿನಲ್ಲಿ ಒಬ್ಬ ಅಮೆರಿಕದ ಹುಡುಗ ಬಂದಿಳಿದ. ಅವನೂ ಸ್ವಯಂಸೇವಕನೇ, ಅವನ ಖರ್ಚೂ ಅವನ ದೇಶದ್ದೇ. ಕೋಳಿ ಸಾಕಣೆ ಕಲಿಸಲು ಬಂದವನು ಕೃಷ್ಣಪ್ಪನ ಮನೆಯ ಮುಂದಿನ ಕೋಣೆಯಲ್ಲಿ ಇಳಿದುಕೊಂಡ. ಹಿತ್ತಿಲಲ್ಲಿ ಕೋಳಿಮನೆ ಕಟ್ಟಲು ಗಂಗಯ್ಯನಿಗೆ ಕರೆ ಬಂತು.

ಹುಡುಗ ತಾನೂ ಪ್ಯಾಂಟು ಮಡಚಿ, ಗುದ್ದಲಿ ಹಿಡಿದು ಮಣ್ಣು ಅಗೆದು ತುಳಿದ. ಎರಡನೆಯ ದಿನಕ್ಕೆ ಅವನ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಗಂಗಯ್ಯ ಕದ್ದು ಕದ್ದು ಅವನನ್ನು ನೋಡಿದ. ತಾನು ಹೊರಟಾಗಿನ ವಯಸ್ಸೇ. ಗೋಡೆಯ ಮೂಲೆ ನೂಲು ಹಿಡಿದಂತೆ ಬಂದದ್ದನ್ನು ಕಂಡು ಹುಡುಗ ಏನೋ ಕೇಳಿದ. ಇಂಗ್ಲಿಷ್ ಗಂಗಯ್ಯನಿಗೆ ಅರ್ಥವಾಯಿತು. ಆದರೂ ಹುಡುಗನ ಜೊತೆಗಿದ್ದ ಗ್ರಾಮಸೇವಕ ಕನ್ನಡದಲ್ಲಿ ಹೇಳುವವರೆಗೆ ಸುಮ್ಮನಿದ್ದ.

"ಇಷ್ಟು ಚೆನ್ನಾಗಿ ಕಟ್ಟೋದು ಯಾರು ಕಲಿಸಿದ್ರು ಅಂತ ಕೇಳ್ತಾ ಇದ್ದಾರೆ."

ಇಟಲಿಗೆ ಹೋಗಿಬಂದದ್ದನ್ನು ಹೇಳಿಬಿಡೋಣ ಅನ್ನಿಸಿತು. ಹೇಳಿದರೆ ಹುಡುಗ ಹಿಗ್ಗುತ್ತಾನೆ, ಕೈ ಕುಲುಕುತ್ತಾನೆ. ಆಮೇಲೆ, ವಾಪಸು ಬಂದು ನಿಮ್ಮ ಊರಿಗೆ ಏನು ಮಾಡಿದಿರಿ ಎಂದು ಕೇಳಿಯೇ ಕೇಳುತ್ತಾನೆ. ಪಕ್ಕದಲ್ಲೇ ಕೃಷ್ಣಪ್ಪ ಎಲೆಯಡಿಕೆ ಜಗಿಯುತ್ತ ಕೂತಿದ್ದ.

"ನಮ್ಮಪ್ಪ, ಸಾ," ಎಂದ ಗಂಗಯ್ಯ.

ಮಾರನೆಯ ವರ್ಷ ರೋಗ ಬಂದು ಕೋಳಿಗಳೆಲ್ಲ ಸತ್ತವು. ಅವಧಿ ಮುಗಿದು ಹುಡುಗ ತನ್ನ ದೇಶಕ್ಕೆ ಹೊರಟುಹೋದ. ಗಂಗಯ್ಯ ಹೆಂಡತಿ ಮಕ್ಕಳನ್ನು ಕರೆದುಕೊಂಡು ಚನ್ನರಾಯಪಟ್ಟಣದ ಕಡೆ ಗಾರೆ ಕೆಲಸಕ್ಕೆ ಹೋದ. ಅಲ್ಲಿ ಅವನಿಗೆ ಓದು ಬರುತ್ತದೆಂದು ಕೂಡ ಯಾರಿಗೂ ತಿಳಿಯಲಿಲ್ಲ.