ಗುರಮ್ಮ ಇಳಿಜಾರಿಗೆ ಒಯ್ಯುವ ಸೈಕಲ್ಲು

ಗದ್ವಾಲದಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ನೇಕಾರರ ಓಣಿಯಾಚೆ, ಇಳಿಜಾರಿನ ನೆತ್ತಿಯಲ್ಲಿ ಗುರಮ್ಮ ಹಳೆಯ ಸೈಕಲ್ಲೊಂದನ್ನು ಹಿಡಿದು ನಿಂತಿದ್ದಾಳೆ. ಕೆಳಗಿನ ತಿರುವಿನಲ್ಲಿ ಯಾವ ಗಾಡಿ ಬರುತ್ತದೋ ಇಲ್ಲಿಂದ ಕಾಣುವುದಿಲ್ಲ. ಬೆವರಿದ ಅಂಗೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾಳೆ.

ಸೈಕಲ್ಲು ರಜಿನಿಯದು; ಗುರಮ್ಮನ ರಿಪೇರಿ ಅಂಗಡಿಗೆ ಬಂದದ್ದು. ಬಣ್ಣ ಹಾಕಿದ ನೂಲನ್ನು ಮಗ್ಗದ ಮನೆಗಳಿಗೆ ಮುಟ್ಟಿಸುವುದು ಅವಳ ಕೆಲಸ. ಬೇರೆಲ್ಲೋ ಹೊಸ ಬ್ರೇಕ್ ಹಿಡಿ ಹಾಕಿಸಿಕೊಂಡು ಬಂದವಳಿಗೆ ನಿನ್ನೆ ಇದೇ ತಿರುವಿನಲ್ಲಿ ಟ್ರ್ಯಾಕ್ಟರ್ ಎದುರಾಯಿತು. "ಎರಡೂ ಕೈಲೆ ಹಿಚುಕಿದೆ ಅಕ್ಕಾ. ಹಿಡಿ ಕಲ್ಲಿನಂಗ ಗಟ್ಟಿ ಐತಿ, ಸೈಕಲ್ ಮಾತ್ರ ನಿಲ್ಲವಲ್ದು," ಎನ್ನುತ್ತಾಳೆ ರಜಿನಿ. ಗೋಡೆಗೆ ಗುದ್ದಿ ಬಚಾವಾದಳು.

"ಗಟ್ಟಿ ಇದ್ರ ಛಲೋ ಅಂತ ತಿಳೀತಾರ್ರಿ," ಎನ್ನುತ್ತಾಳೆ ಗುರಮ್ಮ. "ಅದು ಹೊಸ ನಮೂನಿ ಬ್ರೇಕಿನ ಹಿಡಿ. ವೈರ್ ಭಾಳ ಎಳೀತೈತಿ, ಒತ್ತು ಕಮ್ಮಿ. ಈ ಸೈಕಲ್ಲಿನ ಹಳೇ ಬ್ರೇಕಿಗೆ ವೈರಿನ ತುದಿ ಕೀಲಿನ ಹತ್ರಾನ ಕೂಡೋ ಹಿಡಿ ಬೇಕು. ಕೈಗೆ ಸ್ವಲ್ಪ ಮೆತ್ತಗ ಅನಸತೈತಿ, ಆದ್ರ ರಬ್ಬರ್ ಚಕ್ರಾನ ಕಚ್ಚಿ ಹಿಡೀತೈತಿ." ಅಂಥದ್ದೊಂದನ್ನು ಡಬ್ಬಿಯಲ್ಲಿ ಹುಡುಕಿ, ರಜಿನಿಯ ಗಿಡ್ಡ ಬೆರಳಿಗೆ ಎಟುಕುವಂತೆ ಕೂಡಿಸಿದ್ದಾಳೆ.

ಅಂಗಡಿ ಮೊದಲು ಗಂಡ ಮಾರೆಪ್ಪನದು. ಬ್ರೇಕಿನ ವೈರ್ ಹರಿದು ಇದೇ ಇಳಿಜಾರಿನಲ್ಲಿ ಲಾರಿಗೆ ಸಿಕ್ಕಿ ಒಂದು ಕಾಲು ಕಳೆದುಕೊಂಡ ಮೇಲೆ, ಆತ ಕುಳಿತಲ್ಲೇ ಹೆಂಡತಿಗೆ ಕೆಲಸ ಕಲಿಸಿದ. ಈಗ ಆತ ಚಕ್ರಗಳ ಸೊಟ್ಟು ತೆಗೆಯುತ್ತಾನೆ. ಬ್ರೇಕು ಗುರಮ್ಮನದು. ರಿಪೇರಿಯಾದ ಬ್ರೇಕು ಪರೀಕ್ಷಿಸಲು ಅವಳು ಇಳಿಜಾರಿಗೆ ಹೋದಾಗಲೆಲ್ಲ ಕೈ ನಿಲ್ಲಿಸಿ ಕಿವಿಗೊಡುತ್ತಾನೆ.

ಇಳಿಜಾರಿನ ನೆತ್ತಿಯಲ್ಲಿ ಗುರಮ್ಮ ಸೈಕಲ್ಲೇರಿ ನೆಲದಿಂದ ಕಾಲು ತೆಗೆಯುತ್ತಾಳೆ. ಸೈಕಲ್ಲು ಉರುಳುತ್ತದೆ, ಗಾಳಿ ಕಿವಿಯಲ್ಲಿ ಮೊರೆಯುತ್ತದೆ. ತಿರುವಿನಾಚೆ ಹಾರ್ನ್ ಕೇಳಿಸುತ್ತದೆ. ಹಿಡಿ ಒತ್ತುತ್ತಾಳೆ. ಚಕ್ರ ಕಿರುಗುಟ್ಟಿ ಒಂದಿಷ್ಟು ಜಾರುತ್ತದೆ. ಇನ್ನೂ ಗಟ್ಟಿಯಾಗಿ ಒತ್ತುತ್ತಾಳೆ. ಸೈಕಲ್ಲು ನಿಲ್ಲುತ್ತದೆ. ಹತ್ತಿಮೂಟೆ ಹೇರಿದ ಲಾರಿಯೊಂದು ಎದುರಿಗೇ ತಿರುಗಿ, ಧೂಳೆಬ್ಬಿಸಿ ಹೋಗುತ್ತದೆ. ಗುರಮ್ಮ ಸೈಕಲ್ಲು ತಿರುಗಿಸಿ ಅಂಗಡಿಗೆ ತಳ್ಳಿಕೊಂಡು ಬರುತ್ತಾಳೆ.

"ನಿಂತಿತೇನು?" ಅಂಗಡಿಯಲ್ಲಿ ಮಾರೆಪ್ಪ ಕೇಳುತ್ತಾನೆ.

"ನಿಂತಿತು."

ರಜಿನಿ ಹಿಡಿಯನ್ನು ಮತ್ತೆ ಮತ್ತೆ ಒತ್ತಿ ನೋಡಿ, ನೂಲಿನ ಗಂಟು ಕಟ್ಟಿಕೊಂಡು ಹೊರಡುತ್ತಾಳೆ. ಅವಳು ತಿರುವು ದಾಟುವತನಕ ಗುರಮ್ಮ ಕಣ್ಣು ಕೀಳುವುದಿಲ್ಲ. ಇಷ್ಟು ವರ್ಷವಾದರೂ ಅಂಜಿಕೆ ಹೋಗಿಲ್ಲವೇ ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸುತ್ತಾಳೆ.

"ಅದು ಹೋಗೋದು ಬ್ಯಾಡ್ರಿ. ಅಂಜಿಕಿ ಹೋದ ದಿನ ನಾನು ಇಳಿಜಾರಕ್ಕ ಒಯ್ದು ನೋಡದನ ಸೈಕಲ್ ಕೊಟ್ಟುಬಿಡತೀನಿ."