ಕರಡಿಮರಿಗೆ ಜೇನಿಲ್ಲದ ಮದ್ದು

ಕರಡಿಮನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಜಂತಕ್ಕ ಎಂದು. ತಾಯಿ ಸತ್ತು ದಿಕ್ಕಿಲ್ಲದೆ ಸಿಕ್ಕ ಮರಿಗಳನ್ನು ಸಾಕಿ, ಬಲಿತ ಮೇಲೆ ಮತ್ತೆ ಕಾಡಿಗೇ ಬಿಡುವ ಜಾಗ ಅದು. ಬೆಳಗಾಗೆದ್ದು ಮರಿಗಳ ಲದ್ದಿ ಕೆದಕಿ ಜಂತುಹುಳು ಹುಡುಕುವುದು ಅವಳ ಪಾಲಿನ ಕೆಲಸ. ಉಳಿದವರು ಮೂಗು ಮುಚ್ಚಿಕೊಂಡು ದೂರ ಸರಿದರೆ ಅವಳು ಹುಳುವನ್ನು ಕಡ್ಡಿಯ ತುದಿಯಲ್ಲಿ ಎತ್ತಿ, ಚಿನಿವಾರ ಸರ ನೋಡುವ ಹಾಗೆ ಬೆಳಕಿಗೆ ಹಿಡಿಯುತ್ತಿದ್ದಳು. ಸಂಬಳ ಮಾತ್ರ ಚಿನಿವಾರನದ್ದಲ್ಲ.

ಅದಕ್ಕೂ ಮೊದಲು ಔಷಧದ ಅಂಗಡಿಯೊಂದರಲ್ಲಿ ನೆಲ ಒರೆಸುತ್ತಿದ್ದಳು. ದರ್ಜಿ ಗಂಡ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ ಮೇಲೆ ಸಂಸಾರದ ನೊಗಕ್ಕೆ ಅವಳೊಬ್ಬಳೇ ಹೆಗಲು ಕೊಟ್ಟಳು. ಹೊಲಿಗೆ ಯಂತ್ರದ ಮೇಲೆ ಈಗ ಅವನ ಮಾತ್ರೆಗಳ ಡಬ್ಬಿ ಕೂತಿತ್ತು.

ಒಂದು ವರ್ಷ ಬಂದ ಮರಿಯ ಹೊಟ್ಟೆ ಗುಡಾಣದಂತಿತ್ತು, ಉಳಿದ ಮೈಯೆಲ್ಲ ಮೂಳೆ ಚಕ್ಕಳ. ಲದ್ದಿಯಲ್ಲಿ ಬಿಳಿ ನೂಲಿನ ಉಂಡೆಯ ಹಾಗೆ ಹುಳುಗಳು ಸುತ್ತಿಕೊಂಡು ಬಿದ್ದಿದ್ದವು.

"ಇದು ತಿಂದಿದ್ದೆಲ್ಲ ಬಾಡಿಗೆದಾರರ ಪಾಲಾಗ್ತಿದೆ," ಎಂದರು ಕರಡಿಮನೆಯ ಡಾಕ್ಟರು. "ಮದ್ದು ಇಳಿದ್ರೆ ಉಂಟು, ಇಲ್ದಿದ್ರೆ ಮರಿ ಇಲ್ಲ."

ಮದ್ದು ಬಲು ಕಹಿ. ಮರಿ ಪ್ರತಿ ಸಲವೂ ಉಗುಳಿತು.

ಕರಡಿಮನೆಯಲ್ಲಿ ಒಂದು ಕಟ್ಟಳೆಯಿತ್ತು: ಮರಿಗಳ ಮುಂದೆ ಯಾರೂ ಬಾಯಿ ಬಿಡಬಾರದು. ಹುಲ್ಲಿನ ವಾಸನೆ ಹತ್ತಿದ ಗೋಣಿಬಣ್ಣದ ನಿಲುವಂಗಿ ತೊಟ್ಟು, ಮುಖ ಮುಚ್ಚಿ, ಊಟ ಇಟ್ಟು ಬರಬೇಕು. ಮನುಷ್ಯರನ್ನು ನಂಬಿದ ಕರಡಿ ಕಾಡಿಗೆ ಲಾಯಕ್ಕಲ್ಲ. ಜಂತಕ್ಕನಿಗೆ ಇದು ಚೆನ್ನಾಗಿ ಗೊತ್ತಿತ್ತು. ಆದರೂ ಮರಿ ಕತ್ತು ಎತ್ತಲಾರದೆ ಬಿದ್ದಿದ್ದ ಸಂಜೆ ಕೈಗವಸು ಕಳಚಿ, ಬ್ರೆಡ್ಡಿಗೆ ಮದ್ದು ಸವರಿ, ಮೇಲೆ ಜೇನು ಸುರಿದು, "ತಿನ್ನೋ ನನ್ನಪ್ಪಾ," ಎಂದು ಬರಿಗೈಯಲ್ಲಿ ಹಿಡಿದಳು. ಮರಿ ಬೆರಳುಗಳನ್ನೂ ಬಿಡದೆ ನೆಕ್ಕಿತು.

ಮನೆಯಲ್ಲಿ ಗಂಡ ಕೆಣಕಿದ. "ನನಗಾದ್ರೆ ಮಾತ್ರೆ ಜೊತೆ ಬೈಗುಳ, ಅದಕ್ಕೆ ಜೇನು. ನಾನೂ ಮೈ ತುಂಬ ಕೂದಲು ಬಿಡ್ಲಾ?"

"ನಿಮಗೆ ಜೇನು ಬೇರೆ ಕೇಡು. ನುಂಗಿ ಸುಮ್ನೆ."

ಹುಳು ಹೋಯಿತು. ಮರಿ ಮೈಕೈ ತುಂಬಿಕೊಂಡು ಬೆಳೆಯಿತು. ಆದರೆ ಅವಳ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ತಂತಿಬೇಲಿಗೆ ಮೂಗು ಒತ್ತಿ ನಿಲ್ಲುತ್ತಿತ್ತು. ಡಾಕ್ಟರು ಅದನ್ನು ನೋಡಿದರು.

"ಜಂತಕ್ಕ, ಹುಳು ಆಚೆ ಹೋಯ್ತು, ನೀವು ಒಳಗೆ ಕೂತ್ಬಿಟ್ರಿ."

ಅವಳು ತಲೆ ತಗ್ಗಿಸಿದಳು.

"ಹೀಗೇ ಬಿಟ್ರೆ ಮೊದಲು ಸಿಕ್ಕಿದ ಮನೆ ಬಾಗಿಲಿಗೆ ಹೋಗಿ ಕೈ ನೋಡತ್ತೆ. ಆ ಕೈಯಲ್ಲಿ ಇರೋದು ಬ್ರೆಡ್ಡಲ್ಲ, ಬಂದೂಕು. ಕಾಡಲ್ಲಿ ಹಣ್ಣು ಮುಗಿದ್ರೆ ಬಿಡೋಕಾಗಲ್ಲ, ಅದಕ್ಕೂ ಮುಂಚೆ ಇದು ಮನುಷ್ಯರನ್ನ ಕಂಡು ಓಡಬೇಕು. ಇಲ್ಲಾಂದ್ರೆ ಸಾಯೋ ತನಕ ಪಂಜರ."

"ಆ ಮದ್ದಿನಷ್ಟೇ ಕಹಿ ಪುಡಿ... ಹೊಟ್ಟೆಗೆ ಏನೂ ಮಾಡದೇ ಇರೋ ಅಂಥದ್ದು ಸಿಗುತ್ತಾ ಡಾಕ್ಟ್ರೇ?" ಎಂದಷ್ಟೇ ಕೇಳಿದಳು.

ಮರುದಿನ ಅದೇ ಕೈ, ಅದೇ ದನಿ, ಅದೇ ಬ್ರೆಡ್ಡು. ಮೇಲೆ ಸವರಿದ್ದು ಕಹಿ ಪುಡಿ, ಜೇನು ಮಾತ್ರ ಇಲ್ಲ. ಮರಿ ನಂಬಿ ಬಾಯಿ ಹಾಕಿತು, ಕೆಮ್ಮಿತು, ಉಗುಳಿತು, ಮತ್ತೆ ಅವಳ ಮುಖ ನೋಡಿತು. ಆದರೂ ದಿನವೂ ಹೋದಳು. ಕೊನೆಕೊನೆಗೆ ಅದು ಅವಳ ಕೈ ಕಂಡರೇ ಗುರ್ ಎನ್ನತೊಡಗಿತು. ಒಂದು ದಿನ ಪಂಜ ಬೀಸಿ ಮಣಿಕಟ್ಟು ಸೀಳಿತು. ಗಾಯ ತೊಳೆದುಕೊಂಡು, "ಹಾಂ, ಹಾಗೆ," ಎಂದಳು.

ಅದು ಮನುಷ್ಯರನ್ನು ಕಂಡು ಓಡುತ್ತದೋ ಇಲ್ಲವೋ ಎಂಬ ಪರೀಕ್ಷೆಯ ದಿನ ಗೂಡಿನ ಬಾಗಿಲು ತೆರೆದು, ಡಾಕ್ಟರು ಬಂದೂಕು ಹಿಡಿದ ಕಾವಲಿನವನೊಂದಿಗೆ ಮರೆಯಲ್ಲಿ ನಿಂತರು. ಸುತ್ತ ಬೇಲಿಯಿದ್ದ ಬಯಲಿನಲ್ಲಿ ಜಂತಕ್ಕ ಒಬ್ಬಳೇ, ಮುಖ ಮುಚ್ಚದೆ, ಬರಿಗೈ ಚಾಚಿ.

"ಬಾರೋ ನನ್ನಪ್ಪಾ."

ಕರಡಿ ಗಾಳಿ ಮೂಸಿತು. ಎರಡು ಹೆಜ್ಜೆ ಅವಳತ್ತ ಬಂತು. ಜಂತಕ್ಕ ಚಾಚಿದ ಕೈ ಇಳಿಸಲಿಲ್ಲ. ಅದು ಥಟ್ಟನೆ ತಿರುಗಿ, ಎದ್ದೆನೋ ಬಿದ್ದೆನೋ ಎಂದು ಬೇಲಿಯಂಚಿನ ಮರಗಳ ಕಡೆ ಓಡಿತು. ಕಾವಲಿನವನು ಚಪ್ಪಾಳೆ ತಟ್ಟಲು ಹೋದವನು ಅವಳ ಮುಖ ನೋಡಿ ಕೈ ಇಳಿಸಿದ.

ಕತ್ತಿಗೆ, ಎಲ್ಲಿದೆಯೆಂದು ತಿಳಿಸುವ ರೇಡಿಯೊ ಪಟ್ಟಿ ಕಟ್ಟಿ ಅದನ್ನು ದೂರದ ಕಾಡಿಗೆ ಬಿಟ್ಟರು. ಮುಂದಿನ ಬೇಸಿಗೆಯಲ್ಲಿ ಡಾಕ್ಟರು ಪಟ್ಟಿಯ ಜಾಡು ಹಿಡಿದು ಹೋಗಿ ಡಬ್ಬಿಯಲ್ಲಿ ಲದ್ದಿ ತಂದರು.

ಅವಳು ಕಡ್ಡಿಯಿಂದ ಕೆದಕಿದಳು. ಕಾಡುಹಣ್ಣಿನ ಬೀಜ, ಇರುವೆಯ ತಲೆಗಳು, ಹುಲ್ಲು. ಬ್ರೆಡ್ಡಿಲ್ಲ, ಎಂಜಲನ್ನವಿಲ್ಲ, ಪ್ಲಾಸ್ಟಿಕ್ಕಿನ ಚೂರೂ ಇಲ್ಲ. ಕೊನೆಗೆ ಒಂದು ಬಿಳಿ ನೂಲು.

"ಮತ್ತೆ ಹುಳು ಹತ್ತಿದೆ ಡಾಕ್ಟ್ರೇ."

"ಕಾಡಿನ ಕರಡಿಗೆ ಹತ್ತದೇ ಇರುತ್ತಾ? ಗಟ್ಟಿಯಾಗಿದೆ, ತಡ್ಕೊಳ್ಳತ್ತೆ."

ಅವಳು ಆ ಹುಳುವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

ಅಂದು ಸಂಜೆ ಅವಳ ಗಂಡ ಮಾತ್ರೆ ಬಾಯಿಗಿಟ್ಟವನು ಚಪ್ಪರಿಸಿ, ಅನುಮಾನದಿಂದ ಚಮಚೆ ನೋಡಿದ.

"ಏನೇ ಇದು, ಸಿಹಿ?"

"ಜೇನು. ಮಿಕ್ಕಿತ್ತು," ಎಂದು ಅವಳು ಆಚೆ ತಿರುಗಿ ದೀಪ ಹಚ್ಚಿದಳು.